ಗಣಿತದ ಮಿಸ್ಸಿನ ಹಳೇ ಫೋಟೋ

"ನಿಮ್ಮ ಮೇಲ್ ತೆರೆದೇ ಬಿಟ್ಟು ಹೋಗಿದ್ರಿ ಮಿಸ್. ನಾನು ಮುಚ್ಚಿದೀನಿ."

ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಹೊಸ ಕಂಪ್ಯೂಟರ್ ಮೇಷ್ಟ್ರು ಹೀಗಂದಾಗ ಗಣಿತದ ಮಿಸ್ಸಿನ ಎದೆ ಧಸಕ್ಕೆಂದಿತು. ಪ್ರಶ್ನೆಪತ್ರಿಕೆ ಪ್ರಿಂಟ್ ತೆಗೆಯಲು ಇಡೀ ಶಾಲೆಗೆ ಇದ್ದದ್ದು ಒಂದೇ ಕಂಪ್ಯೂಟರ್. ಬೆಲ್ ಹೊಡೆದ ಗಡಿಬಿಡಿಯಲ್ಲಿ ಅವಳು ಹಾಗೇ ಎದ್ದು ಓಡಿದ್ದಳು. ಫೋನಿನ ಫೋಟೋಗಳೆಲ್ಲ ಆ ಮೇಲ್‌ನಲ್ಲೇ ಇರುತ್ತಿದ್ದವು!

"ಏನೇನು ನೋಡಿದ್ರಿ?" ಎಂದು ಹುಬ್ಬು ಗಂಟಿಕ್ಕಿ ಕೇಳಿದಳು.

"ನಿಮ್ಮ ಹೆಸರು ನೋಡಿದೆ. ಅಷ್ಟೇ."

ನಂಬಲೋ ಬೇಡವೋ ಎಂದು ಅವಳು ಒಂದು ವಾರ ಅವನ ಕಡೆ ತಿರುಗಿ ನೋಡಲಿಲ್ಲ. ಆದರೆ ಮನಸ್ಸು ಯಾರ ಮಾತು ಕೇಳುತ್ತದೆ? ಮೂರು ತಿಂಗಳಲ್ಲಿ ಇಬ್ಬರೂ ಒಂದೇ ಬೆಂಚಿನಲ್ಲಿ ಊಟದ ಡಬ್ಬಿ ಬಿಚ್ಚುವಂತಾಗಿತ್ತು. ಅವಳ ಪಾಸ್‌ವರ್ಡುಗಳೆಲ್ಲ ಅಮ್ಮನ ಹೆಸರೇ ಎಂದು ಗೊತ್ತಾದ ದಿನ ಅವನು ಅವಳನ್ನು ಸಂಜೆವರೆಗೂ ಗೋಳು ಹೊಯ್ದುಕೊಂಡಿದ್ದ. ಪೋಷಕರ ಗುಂಪಿಗೆ ಸ್ವಂತ ನಂಬರು ಕೊಡಬೇಡಿ ಎಂದೂ ಹೇಳಿದ್ದ. ಇರೋ ಒಂದು ನಂಬರನ್ನೇ ಸಂಭಾಳಿಸಲು ಆಗುತ್ತಿಲ್ಲ ಎಂದು ಅವಳು ನಕ್ಕುಬಿಟ್ಟಿದ್ದಳು. ಪ್ರೀತಿಯ ಮಾತನ್ನು ಮಾತ್ರ ಇಬ್ಬರೂ ಬಾಯಿಬಿಟ್ಟು ಆಡಿರಲಿಲ್ಲ.

ಒಂದು ಸೋಮವಾರ ಪೋಷಕರ ಗುಂಪಿನಲ್ಲಿ ಆ ಫೋಟೋ ಬಂತು.

ಕಾಲೇಜು ದಿನಗಳ ಪಾರ್ಟಿ. ಅವಳ ಕೈಯಲ್ಲಿ ಗ್ಲಾಸು, ತಲೆ ಒಬ್ಬ ಹುಡುಗನ ಭುಜದ ಮೇಲೆ. ಕೆಳಗೆ ಯಾರೋ ಬರೆದಿದ್ದರು, 'ಇವರು ನಮ್ಮ ಮಕ್ಕಳಿಗೆ ಬುದ್ಧಿ ಹೇಳೋರು'. ಮಧ್ಯಾಹ್ನದ ಹೊತ್ತಿಗೆ ತರಗತಿಯಲ್ಲಿ ಗುಸುಗುಸು ಶುರುವಾಯಿತು. ಅವಳು ಬೋರ್ಡಿಗೆ ಮುಖ ಮಾಡಿ ನಿಂತವಳು ತಿರುಗಲಾರದೆ ಲೆಕ್ಕವನ್ನು ಮತ್ತೆ ಮತ್ತೆ ಅಳಿಸಿ ಬರೆದಳು.

'ನನ್ನ ಫೋಟೋಗಳನ್ನು ಬೇರೆ ಯಾರು ತೆರೆದಿದ್ದರು? ಅವನೊಬ್ಬನೇ ಅಲ್ಲವೇ...'

ಅವನ ಫೋನ್ ಬಂದಾಗಲೆಲ್ಲ ಕತ್ತರಿಸಿದಳು. ಕೊನೆಗೆ ಅವನ ನಂಬರನ್ನೇ ಬ್ಲಾಕ್ ಮಾಡಿದಳು. ಮರುದಿನ ಹೆಡ್‌ಮಿಸ್ ಕೋಣೆಯಲ್ಲಿ ವಿಚಾರಣೆ ನಡೆಯಿತು. ಅವಳ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಯಾರ ಮೇಲೆ ಅನುಮಾನ ಎಂದು ಕೇಳಿದ್ದೇ ತಡ, ಕಂಪ್ಯೂಟರ್ ಮೇಷ್ಟ್ರ ಕಡೆ ಬೆರಳು ತೋರಿಸಿಬಿಟ್ಟಳು.

ಅವನು ಅವಳತ್ತ ಒಂದೇ ಸಲ ನೋಡಿದ.

"ನಾನು ಮಾಡಿಲ್ಲ."

ಹಾಗಾದರೆ ಎಲ್ಲಿಂದ ಬಂತು ಎಂದು ಕೇಳಿದರು. ಅವನು ಉತ್ತರ ಕೊಡಲಿಲ್ಲ. ಅದೇ ಸಂಜೆ ಅವನನ್ನು ಕೆಲಸದಿಂದ ತೆಗೆದರು. ಚೀಲ ಹೆಗಲಿಗೇರಿಸಿ ಅವನು ಅಂಗಳ ದಾಟುವಾಗ ಅವಳು ಉತ್ತರಪತ್ರಿಕೆಯಿಂದ ತಲೆ ಎತ್ತಲಿಲ್ಲ.

ಎರಡು ವಾರದ ಬಳಿಕ ಪೋಷಕರ ಸಭೆ. ಎಲ್ಲರೂ ಹೋದ ಮೇಲೆ ಒಬ್ಬ ತಾಯಿ ಹಿಂದೆ ಉಳಿದು, ತಲೆ ತಗ್ಗಿಸಿಕೊಂಡೇ ಹೇಳಿದಳು.

"ನಾನು ಯಾರಿಗೂ ಕಳಿಸಿಲ್ಲ ಮಿಸ್. ಆದ್ರೆ ಆ ಫೋಟೋ ನಂಗೂ ಕಾಣ್ಸಿತ್ತು. ನಿಮ್ಮ ನಂಬರ್ ನನ್ನ ಫೋನಲ್ಲಿದೆಯಲ್ಲ, ಇವರು ನಿಮಗೆ ಗೊತ್ತಿರಬಹುದು ಅಂತ ಫೋಟೋ ಹಾಕೋ ಆ್ಯಪೇ ನಿಮ್ಮ ಹಳೇ ಖಾತೆ ತೋರಿಸ್ತು. ಎಲ್ಲಾ ತೆರೆದೇ ಇದೆ."

ಅವಳು ಶೌಚಾಲಯಕ್ಕೆ ಹೋಗಿ ಚಿಲಕ ಹಾಕಿಕೊಂಡು ಖಾತೆ ತೆರೆದಳು. ಕಾಲೇಜಿನಲ್ಲಿ ಇದೇ ನಂಬರಿನಿಂದ ತೆರೆದು ಮರೆತದ್ದು! ಆ ಪಾರ್ಟಿ, ಆ ಹುಡುಗ, ಅವನು ಬಿಟ್ಟು ಹೋದ ಮೇಲೆ ಅತ್ತುಕೊಂಡು ಬರೆದ ಪುಟಗಟ್ಟಲೆ ಮಾತು... ಎಲ್ಲವೂ ಎಲ್ಲರಿಗೂ ಕಾಣುವಂತಿತ್ತು.

ಅಲ್ಲೇ ಓದದೆ ಉಳಿದ ಒಂದು ಸಂದೇಶವೂ ಇತ್ತು. ವಿಚಾರಣೆಯ ಹಿಂದಿನ ದಿನದ್ದು, ಅವನಿಂದ.

'ಫೋಟೋ ಹೋಗಿದ್ದು ಇಲ್ಲಿಂದ. ಫೋನ್ ಎತ್ತುತ್ತಿಲ್ಲ ನೀವು. ಮೊದಲು ಇದನ್ನು ಮುಚ್ಚಿ. ನಾನು ಯಾರಿಗೂ ಹೇಳಲ್ಲ.'

ಅವನು ಅಂದು ಒಂದು ಮಾತು ಆಡಿದ್ದರೆ ಹೆಡ್‌ಮಿಸ್ ಮೇಜಿನ ಮೇಲೆ ಈ ಖಾತೆ ತೆರೆಯುತ್ತಿತ್ತು, ಅವಳ ಅಳುವನ್ನೆಲ್ಲ ನಾಲ್ಕು ಜನ ಕೂತು ಓದುತ್ತಿದ್ದರು. ಹೇಳಲ್ಲ ಎಂದವನು ತನ್ನ ಅನ್ನ ಕಳೆದುಕೊಂಡರೂ ಹೇಳಿರಲಿಲ್ಲ.

ಖಾತೆ ಅಳಿಸಿದಳು. ತಪ್ಪು ನನ್ನದೇ, ಕಂಪ್ಯೂಟರ್ ಮೇಷ್ಟ್ರದ್ದು ಏನೂ ಇಲ್ಲ ಎಂದು ಪತ್ರ ಬರೆದಳು. ಹೆಡ್‌ಮಿಸ್ ಅದನ್ನು ಓದಿ, ಹರಿದು ಹಾಕಮ್ಮ, ವಿಷಯ ತಣ್ಣಗಾಗಿದೆ, ಮುಂದಿನ ತಿಂಗಳು ನಿನ್ನ ಕೆಲಸ ಕಾಯಂ ಎಂದು ಮೆಲ್ಲಗೆ ಬುದ್ಧಿ ಹೇಳಿದರು. ಮನೆ ನಡೆಯುವುದು ತನ್ನ ಸಂಬಳದಲ್ಲೇ ಎಂಬುದು ಅವಳಿಗೆ ನೆನಪಾಯಿತು. ಆದರೂ ಪತ್ರ ಹಿಂದೆ ತೆಗೆದುಕೊಳ್ಳಲಿಲ್ಲ.

ತಪ್ಪಿಲ್ಲದವನ ಮೇಲೆ ದೂರು ಹೊರಿಸಿದ್ದಕ್ಕೆ ಸಂಜೆಗೆ ಅವಳಿಂದ ರಾಜೀನಾಮೆ ಬರೆಸಿಕೊಂಡರು. ಅವನ ಜಾಗಕ್ಕೆ ಬೇರೆಯವರು ಬಂದಾಗಿತ್ತು. ಅವನ ತಪ್ಪಿಲ್ಲ ಎಂದು ಮೂರು ಸಾಲು ಟೈಪ್ ಮಾಡಿ ಮೊಹರು ಒತ್ತಿ ಕೊಟ್ಟರು, ಅಷ್ಟೇ.

ಅವನೀಗ ಒಂದು ಜೆರಾಕ್ಸ್ ಅಂಗಡಿಯಲ್ಲಿದ್ದ. ಫೋಟೋ ಹರಿಬಿಟ್ಟವನೆಂಬ ಹೆಸರು ಹೊತ್ತ ಮೇಷ್ಟ್ರಿಗೆ ಯಾವ ಶಾಲೆಯೂ ಬಾಗಿಲು ತೆರೆದಿರಲಿಲ್ಲ. ಅವಳು ಅಲ್ಲಿಗೆ ಹೋಗಿ ಕೊಟ್ಟ ಕಾಗದವನ್ನು ಎರಡು ಸಲ ಓದಿದ.

"ನಿಮ್ಮ ಕೆಲಸ?"

"ಹೋಯ್ತು."

"ನಾನು ಬಾಯಿ ಮುಚ್ಕೊಂಡಿದ್ದು ಇದಕ್ಕಾ ಮಿಸ್?" ಅವನ ದನಿ ಒಡೆಯಿತು. "ಬೆರಳು ತೋರ್ಸೋ ಮೊದ್ಲು ನನ್ನನ್ನ ಒಂದು ಮಾತು ಕೇಳ್ಬಹುದಿತ್ತು."

"ಕೇಳ್ಬೇಕಿತ್ತು. ನಿಮ್ಮನ್ನ ಪ್ರೀತಿಸ್ತಿದ್ದೆ. ನೀವೇ ಹೀಗ್ ಮಾಡಿದ್ರಿ ಅಂತ ಅನ್ನಿಸಿದಾಗ ತಡ್ಕೊಳ್ಳೋಕೆ ಆಗ್ಲಿಲ್ಲ. ಅದು ನೆಪ ಅಲ್ಲ. ಕ್ಷಮಿಸಿ ಅಂತ ಕೇಳೋಕೂ ನಂಗೆ ಮುಖ ಇಲ್ಲ."

ಅವನು ಜೆರಾಕ್ಸ್ ಯಂತ್ರದ ಕಡೆ ತಿರುಗಿದ. ಯಂತ್ರದಿಂದ ಹಾಳೆಗಳು ಬಂದು ಬೀಳುತ್ತಲೇ ಇದ್ದವು.

"ನಾನೂ ತಪ್ಪು ಮಾಡಿದೀನಿ. ಮುಚ್ಚಿ ಅಂತ ಬರೆಯೋ ಮೊದ್ಲು, ನೀವು ಬರೆದಿದ್ದನ್ನೆಲ್ಲ ಓದ್ಬಿಟ್ಟೆ."

ಅವಳ ಮುಖ ಕೆಂಪಾಯಿತು. "ಏನನ್ನಿಸ್ತು?"

"ನಿಮ್ಮನ್ನ ಬಿಟ್ಟು ಹೋದವನು ಎಂಥಾ ದಡ್ಡ ಅನ್ನಿಸ್ತು."

ಅವಳಿಗೆ ಅಳು ತಡೆಯಲಾಗಲಿಲ್ಲ. ಅವನು ಕೌಂಟರಿನ ಹಿಂದಿನಿಂದ ಬಂದು, ಸ್ಟೂಲ್ ಎಳೆದು ಅವಳನ್ನು ಕೂರಿಸಿದ.

"ಮನೇಲಿ ಹೇಳಿದ್ರಾ?"

"ಇಲ್ಲ. ಅಮ್ಮನ ಮುಖ ಹೇಗೆ ನೋಡ್ಲಿ ಅಂತಾನೇ ಗೊತ್ತಾಗ್ತಿಲ್ಲ..."

"ನಾನು ಜೊತೆಗೆ ಬರ್ತೀನಿ. ಇಬ್ರೂ ಹೇಳೋಣ."

"ಏನಂತ?"

"ಕೆಲ್ಸ ಹೋಗಿದ್ದು ಮೊದ್ಲು," ಅವನು ಅವಳ ಕೈ ಹಿಡಿದುಕೊಂಡ. "ನಮ್ಮ ವಿಷಯ ಆಮೇಲೆ."