ಚಿಕ್ಕಮ್ಮನ ಮೂಗು

ಪಿಸ್ತೂಲು ನನ್ನ ಹಣೆಗೆ ಅಂಟಿಕೊಂಡಿತ್ತು.

ಸ್ಟಾಂಪು ನನ್ನ ನಾಲಿಗೆಯಿಂದ ಅರ್ಧ ಬೆರಳು ದೂರದಲ್ಲಿತ್ತು.

ನಗಬೇಡಿ ಸಾರ್! ಆ ಹೊತ್ತಿಗೆ ನನ್ನ ಆಯುಷ್ಯದ ಉದ್ದ ಆ ಅರ್ಧ ಬೆರಳು.

"ನಾಲಿಗೆ ಒಳಗೆ ಹಾಕೋ!" ಡೆಂಟಿಸ್ಟ್ ಕಿರುಚಿದ.

"ಪಿಥ್ಥೂಲು... ಕೆಲಗೆ... ಇಲಿ!"

ನಾನು ತೊದಲುವವನಲ್ಲ. ಆದರೆ ಸ್ವಲ್ಪ ಮುಂಚೆ ಇದೇ ಮಹಾಶಯ ನನ್ನ ದವಡೆಗೆ ಸೂಜಿ ಚುಚ್ಚಿದ್ದ. ಎಡಗೆನ್ನೆ, ತುಟಿ, ಅರ್ಧ ನಾಲಿಗೆ, ಎಲ್ಲವೂ ರಜೆ ಹಾಕಿದ್ದವು. ನಾಲಿಗೆಯ ತುದಿ ಎಲ್ಲಿದೆ ಎಂದು ನನಗೇ ಗೊತ್ತಿರಲಿಲ್ಲ!

ಅವನಿಗೆ ಕಾಣುತ್ತಿತ್ತು. ಅದಕ್ಕೇ ಬೆವರುತ್ತಿದ್ದ.

"ಹಿಂದಿನ ಗಮ್ ಹೋಗುತ್ತೆ ಕಣಯ್ಯಾ! ಜಗತ್ತಲ್ಲಿ ಇರೋದೇ ಇದೊಂದು! ನಿನಗೆ ಮನುಷ್ಯತ್ವ ಅನ್ನೋದು ಇಲ್ವಾ?"

ಪಿಸ್ತೂಲು ಹಿಡಿದವನು ಕೇಳುವ ಪ್ರಶ್ನೆಯೇ ಇದು?

ಇರಿ, ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ.

ನನ್ನ ಕಸುಬು ನಿಮಗೆ ಗೊತ್ತೇ ಇದೆ. ಕಳೆದದ್ದನ್ನು ಹುಡುಕುವುದು, ಹುಡುಕಿದ್ದನ್ನು ಕಿತ್ತುಕೊಳ್ಳುವುದು. ನನ್ನನ್ನು ಕಂಡರೆ ಗಟ್ಟಿ ಗಟ್ಟಿ ಆಳುಗಳೂ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಾರೆ. ಚಿಕ್ಕಮ್ಮ ಮಾತ್ರ "ಪುಟ್ಟಾ" ಎನ್ನುತ್ತಾಳೆ.

ಇವತ್ತು ಬೆಳಿಗ್ಗೆ ಗೋಡೆ ಹಿಡಿದುಕೊಂಡು ನನ್ನ ಆಫೀಸಿಗೆ ಬಂದಳು.

"ನನ್ನ ಮೂಗು ಕಳುವಾಗಿದೆ ಕಣೋ ಪುಟ್ಟಾ."

"ಇರೋ ಜಾಗದಲ್ಲೇ ಇದೆಯಲ್ಲ ಚಿಕ್ಕಮ್ಮ."

"ಇದಲ್ಲವೋ ದಡ್ಡ! ನಿನ್ನ ಚಿಕ್ಕಪ್ಪ ಕೊರೆದದ್ದು!"

ಚಿಕ್ಕಪ್ಪ ಎನ್‌ಗ್ರೇವರ್ ಆಗಿದ್ದ. ಕಣ್ಣಿಗೆ ಲೆನ್ಸ್ ಸಿಕ್ಕಿಸಿಕೊಂಡು, ಸ್ಟಾಂಪಿನಷ್ಟೇ ಅಗಲದ ಉಕ್ಕಿನ ತುಂಡಿನ ಮೇಲೆ ಗೆರೆ ಕೊರೆಯುವ ಕೆಲಸ. ಹಳೇ ಶಿಲ್ಪ, ವರ್ಣಚಿತ್ರ, ಮುಖವಾಡ, ಸೇತುವೆ... ಸರ್ಕಾರ ಯಾವುದಕ್ಕೆಲ್ಲ ಪರಂಪರೆ ಎಂದು ಬೋರ್ಡು ಹಾಕುತ್ತದೋ ಅದೆಲ್ಲ ಅವನ ಮೇಜಿನ ಮೇಲೆ ಹಾದುಹೋಗಿದೆ. ಹಾಗೆ ಕೊರೆದು ಅಚ್ಚು ಹಾಕಿದ ಸ್ಟಾಂಪಿನಲ್ಲಿ ಶಾಯಿ ಕಾಗದದ ಮೇಲೆ ಉಬ್ಬಿ ನಿಲ್ಲುತ್ತದೆ. ಬೆರಳಾಡಿಸಿದರೆ ಗೆರೆ ಕೈಗೆ ಸಿಗುತ್ತದೆ. ಮಾಮೂಲಿ ಪ್ರಿಂಟು ಹಾಗಲ್ಲ, ಬರೀ ನುಣುಪು.

ಅವನ ಕೊನೆಯ ಕೆಲಸ, ಒಂದು ಪಾಳುಬಿದ್ದ ರಂಗಮಂದಿರದ ಕಲ್ಲಿನ ನರ್ತಕಿ. ಅವಳ ಮೂಗು ಯಾವ ಕಾಲದಲ್ಲೋ ಮುರಿದುಬಿದ್ದಿತ್ತು. ಚಿಕ್ಕಪ್ಪನಿಗೆ ಪಾಪ ಅನ್ನಿಸಿತು. ಮನೆಯಲ್ಲೇ ಒಂದು ಮೂಗಿತ್ತು. ತುದಿಯಲ್ಲಿ ಕೊಂಚ ಎಡಕ್ಕೆ ವಾಲಿದ್ದು.

ಅದನ್ನೇ ಕೊರೆದುಬಿಟ್ಟ!

ಮೇಲಿನವರು ಹೌಹಾರಿದರು. "ನಮ್ಮ ಪರಂಪರೆಗೆ ನಿನ್ನ ಹೆಂಡತಿ ಮೂಗು ಇಡೋಕೆ ಯಾರಯ್ಯ ಪರ್ಮಿಷನ್ ಕೊಟ್ಟಿದ್ದು?" ಹಾಳೆ ಹಾಳೆಯೇ ಬೂದಿಯಾಯಿತು. ಒಂದೇ ಒಂದು ಸ್ಟಾಂಪನ್ನು ಮಾತ್ರ ದೊಡ್ಡ ಸಾಹೇಬರು ಹರಿದು ಅವನ ಕೈಗಿತ್ತರು. ಅವರಿಗೂ ಹೆಂಡತಿ ಇದ್ದಳು.

ಚಿಕ್ಕಪ್ಪ ಹೋದ. ಆಮೇಲೆ ಚಿಕ್ಕಮ್ಮನ ಕಣ್ಣೂ ಹೊರಟಿತು. ಈಗ ಅವಳಿಗೆ ಕಾಣುವುದು ಬೆಳಕು, ನೆರಳು ಮತ್ತು ನನ್ನ ಹೊಟ್ಟೆ. ಆದರೆ ಚಿಕ್ಕಪ್ಪನ ಸ್ಟಾಂಪ್ ಆಲ್ಬಂ ಮಾತ್ರ ದಿನಾ ನೋಡುತ್ತಾಳೆ, ಬೆರಳಲ್ಲಿ.

"ಮುಟ್ಟಿ ನೋಡು," ಎಂದು ಪರ್ಸಿನಿಂದ ಸ್ಟಾಂಪು ತೆಗೆದುಕೊಟ್ಟಳು. "ಗಾಜು ಮುಟ್ಟಿದ ಹಾಗಿದೆ. ಬೆಳಿಗ್ಗೆ ಎದ್ದು ಅವರನ್ನ ಹುಡುಕಿದೆ ಕಣೋ... ಸಿಗಲಿಲ್ಲ."

ಬೆರಳಾಡಿಸಿದೆ, ಬರೀ ನುಣುಪು. ಕೆಮ್ಮಿದೆ.

"ಮನೆಗೆ ಯಾರು ಬಂದಿದ್ರು?"

"ಡೆಂಟಿಸ್ಟು. ನಿನ್ನೆ. ಹೋದ ತಿಂಗಳು ಬಂದು ಸ್ಟಾಂಪಿನ ಫೋಟೋ ತೆಗೆದುಕೊಂಡು ಹೋಗಿದ್ರು. ನಿನ್ನೆ ಇನ್ನೊಂದ್ಸಲ ನೋಡ್ಬೇಕು ಅಂದ್ರು. ನಾನು ಟೀ ಮಾಡೋಕೆ ಒಳಗೆ ಹೋದೆ."

ಸಾಕಲ್ಲ ಸಾರ್? ಊರಿನ ಅತಿ ದೊಡ್ಡ ಸ್ಟಾಂಪ್ ಕಲೆಕ್ಟರ್ ಅವನು. ಶಿಲ್ಪ, ಚಿತ್ರ ಇರುವ ಸ್ಟಾಂಪೇ ಆಗಬೇಕು, ಅದೂ ಕೊರೆದು ಅಚ್ಚು ಹಾಕಿದ್ದೇ ಆಗಬೇಕು. ಕಣ್ಣು ಕಾಣದ ಹೆಂಗಸಿಗೆ ಪ್ರಿಂಟು ಹಾಕಿಸಿದ ನಕಲು ಸಾಕು ಎಂದುಕೊಂಡ!

"ಚಿಕ್ಕಮ್ಮ, ನೀನು ಪೋಸ್ಟಾಫೀಸಲ್ಲಿ ಕೂತಿರು. ಅಲ್ಲಿ ಬಾಗಿಲಲ್ಲಿ ಪೊಲೀಸಿನವನು ಇರ್ತಾನೆ."

"ನೀನು?"

"ನನಗೆ ಹಲ್ಲುನೋವು."

"ಅಯ್ಯೋ, ನಿಜವಾಗ್ಲೂ?"

"ಇಲ್ಲ."

ಹಾಳಾದವನು ನನ್ನ ಬಾಯೊಳಗೆ ಟಾರ್ಚು ಬಿಟ್ಟು ನಿಜವಾಗಿಯೂ ಒಂದು ತೂತು ಹುಡುಕಿದ! ಬೇಡ ಎನ್ನುವಷ್ಟರಲ್ಲಿ ಸೂಜಿ ಒಳಗಿತ್ತು. ಆಮೇಲೆ ಡ್ರಿಲ್. ಗುಂಯ್... ಅರ್ಧ ಕೊರೆದಿದ್ದ, ಫೋನು ಬಂತು, ಹೊರಗೆ ಹೋದ.

ಎದ್ದೆ. ಡ್ರಾಯರು ಎಳೆದೆ. ಮೇಲಿನ ಹಲ್ಲುಸೆಟ್ಟುಗಳು. ಇನ್ನೊಂದು ಡ್ರಾಯರು. ಕೆಳಗಿನ ಹಲ್ಲುಸೆಟ್ಟುಗಳು, ನನ್ನನ್ನು ನೋಡಿ ನಗುತ್ತ. ಅದರ ಕೆಳಗಿನದರಲ್ಲಿ ಕಪ್ಪು ಹಾಳೆ, ಅದರ ಮೇಲೆ ಪ್ಲಾಸ್ಟಿಕ್ ಪೊರೆ, ಪೊರೆಯೊಳಗೆ ಕಲ್ಲಿನ ನರ್ತಕಿ.

ಪೊರೆ ಸರಿಸಿ ಬೆರಳಿಟ್ಟೆ. ಗೆರೆ ಸಿಕ್ಕಿತು! ಮೂಗು ಎಡಕ್ಕೆ ವಾಲಿತ್ತು!

ಹಿಂದಿನಿಂದ ಕ್ಲಿಕ್ ಎಂದಿತು.

ಅಲ್ಲಿಗೆ ಬಂದೆವು ಸಾರ್. ಹಣೆಗೆ ಪಿಸ್ತೂಲು, ನಾಲಿಗೆ ಹೊರಗೆ.

"ಒಂದು... ಎಲಲು..." ಎಂದೆ.

"ಆಯ್ತು! ಆಯ್ತು ಮಾರಾಯಾ!" ಅವನು ಪಿಸ್ತೂಲನ್ನು ಬಾಯಿ ಮುಕ್ಕಳಿಸುವ ಬೇಸಿನ್ನಿನಲ್ಲಿಟ್ಟ. "ಹಿಡಿಯೋದಾದ್ರೂ ಚಿಮಟದಲ್ಲಿ ಹಿಡಿಯೋ, ನಿನ್ನ ದಮ್ಮಯ್ಯ!"

ಅವನನ್ನು ತಳ್ಳಿ ಓಡಿದೆ.

ಬಾಗಿಲಲ್ಲಿ ಅವನ ಕಾಂಪೌಂಡರ್ ನಿಂತಿದ್ದ. ಊರೆಲ್ಲ ಅವನನ್ನು ಬೀರು ಎನ್ನುತ್ತದೆ. ಅಗಲ ಹಾಗಿದೆ. ತಲೆ ತಗ್ಗಿಸಿ ಅವನ ಕಂಕುಳಡಿ ನುಸುಳಿದೆ. ಮೆಟ್ಟಿಲುಗಳ ಮೇಲಿಂದ ಉರುಳಿದೆ. ಕೊರಳಲ್ಲಿ ಪೇಷೆಂಟಿನ ಏಪ್ರನ್, ಬಾಯಿಂದ ಜೊಲ್ಲು, ಅಂಗೈಯಲ್ಲಿ ಜಗತ್ತಿನ ಒಂದೇ ಒಂದು ಸ್ಟಾಂಪು!

"ಹಿಡೀರಿ! ಕಳ್ಳ!" ಹಿಂದೆ ಬೀರು ಧಡಧಡ ಬರುತ್ತಿತ್ತು.

ದರ್ಜಿ ಅಂಗಡಿಯೊಳಗೆ ನುಗ್ಗಿದೆ. ಯಾರೋ ಒಬ್ಬರು ಅರ್ಧ ಪ್ಯಾಂಟಿನಲ್ಲಿ ಅಳತೆ ಕೊಡುತ್ತಿದ್ದರು.

"ಬಾಗಿಲು ಆ ಕಡೆ ರೀ!" ದರ್ಜಿ ತಲೆಯೆತ್ತದೆ ಹೇಳಿದ. ಅವನಿಗೆ ಇದು ಮಾಮೂಲಿ ಇರಬೇಕು.

ಹಿತ್ತಲು. ಒಗೆದು ಹರವಿದ ಬೆಡ್‌ಶೀಟುಗಳ ಸಾಲು. ನಾನು ಕೆಳಗೆ ನುಸುಳಿದೆ, ಬೀರು ನಡುವೆಯೇ ಬಂತು. ತಿರುಗಿ ನೋಡಿದರೆ ಒಂದು ದೊಡ್ಡ ಹೂವಿನ ಬೆಡ್‌ಶೀಟು ಬೈಯುತ್ತ ಓಡಿ ಹೋಗಿ ಗೋಡೆಗೆ ಗುದ್ದಿತು.

ಪೋಸ್ಟಾಫೀಸು! ಬೆಂಚಿನ ಮೇಲೆ ಚಿಕ್ಕಮ್ಮ. ಬಾಗಿಲಲ್ಲಿ ಕಾನ್‌ಸ್ಟೇಬಲ್. ಗೆದ್ದೆ ಎಂದುಕೊಂಡೆ.

ಗೆದ್ದಿರಲಿಲ್ಲ.

ಡೆಂಟಿಸ್ಟ್ ಸ್ಕೂಟರಿನಲ್ಲಿ ಬಂದಿಳಿದ. ಬಿಳೀ ಕೋಟು, ಸಭ್ಯ ಮುಖ. ಕೋಟಿನ ಜೇಬು ಭಾರವಾಗಿ ಜೋತಿತ್ತು.

"ಕಾನ್‌ಸ್ಟೇಬಲ್, ಇವನು ನನ್ನ ಕ್ಲಿನಿಕ್ಕಿಂದ ಸ್ಟಾಂಪು ಕದ್ದಿದಾನೆ. ಕೈಯಲ್ಲೇ ಇದೆ ನೋಡಿ!"

ಕಾನ್‌ಸ್ಟೇಬಲ್ ನನ್ನ ಕೊರಳಪಟ್ಟಿ ಹಿಡಿದ. ನಾನು ವಿವರಿಸಿದೆ. "ಥ್ಥಿಕ್ಕಮ್ಮನ ಮೂಲು!"

"ಕುಡಿದಿದ್ದೀಯಾ?"

"ಅದು ನಮ್ಮದಪ್ಪಾ," ಚಿಕ್ಕಮ್ಮ ಎದ್ದು ಬಂದಳು.

"ನಿಮ್ಮದು ನಿಮ್ಮ ಪರ್ಸಲ್ಲೇ ಇದೆಯಲ್ಲಮ್ಮಾ?" ಡೆಂಟಿಸ್ಟನ ದನಿಯಲ್ಲಿ ಜೇನು. "ತೆಗೀರಿ."

ಕೌಂಟರಿನ ಮೇಲೆ ಎರಡು ಸ್ಟಾಂಪು ಅಕ್ಕಪಕ್ಕ ಕೂತವು. ಕ್ಯೂನಲ್ಲಿದ್ದವರೆಲ್ಲ ಕತ್ತು ಚಾಚಿದರು. ಕೌಂಟರಿನ ಹೆಂಗಸು ಸೀಲು ಹಿಡಿದ ಕೈಯನ್ನು ಗಾಳಿಯಲ್ಲೇ ನಿಲ್ಲಿಸಿದಳು.

"ಎರಡೂ ಒಂದೇ ಥರ ಇದೆಯಲ್ರೀ."

"ನನ್ನದು ಅಸಲಿ. ಅವರದು ನಕಲಿ. ಪಾಪ, ಕಣ್ಣಿಲ್ಲದೋರು, ಯಾವ ಕಾಲದಲ್ಲೋ ಯಾರೋ ಮೋಸ ಮಾಡಿದ್ದಾರೆ."

ಎಂಥ ಖದೀಮ ನೋಡಿ ಸಾರ್! ಕದ್ದ ಮಾಲಿಗೆ ಕನಿಕರದ ಪ್ಯಾಕಿಂಗು!

ಚಿಕ್ಕಮ್ಮ ಮಾತ್ರ ತಣ್ಣಗಿದ್ದಳು.

"ಡಾಕ್ಟ್ರೇ, ನೀವು ಸ್ಟಾಂಪನ್ನ ತುಂಬಾ ಜೋಪಾನ ಮಾಡ್ತೀರಂತೆ?"

"ಮತ್ತೆ? ಮೂವತ್ತು ವರ್ಷದಿಂದ ಕಲೆಕ್ಟ್ ಮಾಡ್ತಿದೀನಿ!"

"ಇದನ್ನ ಯಾರೂ ಬೆರಳಲ್ಲಿ ಮುಟ್ಟಿಲ್ಲ ತಾನೇ?"

"ಛೀ! ಛೀ! ಬೆರಳಲ್ಲಾ?" ಅವನ ಮುಖ ಹಾಗಲಕಾಯಿ ಕಚ್ಚಿದ ಹಾಗಾಯಿತು. "ಚಿಮಟ ಬಿಟ್ಟು ಬೇರೇನೂ ಸೋಕಿಲ್ಲ! ಇವತ್ತು ಈ ಕಾಡುಮನುಷ್ಯ ಹಿಡಿದದ್ದೇ ಮೊದಲು. ನನ್ನ ತಾಯಾಣೆ!"

"ಹಾಗಾದ್ರೆ ನಿಮ್ಮ ಲೆನ್ಸು ಆ ಪೊಲೀಸಪ್ಪನಿಗೆ ಕೊಡಿ. ನೋಡಪ್ಪಾ, ಅವರ ಸ್ಟಾಂಪಲ್ಲಿ ಮೂಗು ಹೇಗಿದೆ?"

ಕಾನ್‌ಸ್ಟೇಬಲ್ ಬಗ್ಗಿದ. ಕ್ಯೂ ಕೂಡ ಬಗ್ಗಿತು.

"ಮೂಗಿನ ಮೇಲೆ ಮಾತ್ರ ಶಾಯಿ ಸವೆದಿದೆ... ಫಳಫಳ ಹೊಳೀತಿದೆ. ತುಳಿದು ತುಳಿದು ಸವೆದ ಮೆಟ್ಟಿಲಿನ ಥರ."

"ಅವರು ಹೋದಾಗಿನಿಂದ ದಿನಾ ಬೆಳಿಗ್ಗೆ ಮುಟ್ಟಿದೀನಪ್ಪಾ." ಚಿಕ್ಕಮ್ಮ ಬೆರಳೆತ್ತಿ ತೋರಿಸಿದಳು. "ಇದರಲ್ಲಿ."

ಡೆಂಟಿಸ್ಟನ ಬಾಯಿ ತೆರೆದುಕೊಂಡಿತು. ಹಲ್ಲು ಚೆನ್ನಾಗಿದ್ದವು.

"ನಾನು... ಅದನ್ನ ಪ್ರಿಂಟಿಂಗ್ ಫಾಲ್ಟ್ ಅಂದ್ಕೊಂಡೆ! ಫಾಲ್ಟ್ ಇದ್ರೆ ಬೆಲೆ ಇನ್ನೂ ಜಾಸ್ತಿ ಅಂತ... ಸ್ಟಾಂಪು ಮುಟ್ಟೋದಾ? ಯಾರಾದ್ರೂ ಸ್ಟಾಂಪು ಮುಟ್ತಾರೇನಮ್ಮಾ?"

"ನೀವು ಒಂದೇ ಒಂದು ಸಲ ಮುಟ್ಟಿದ್ರೆ ಸಾಕಾಗಿತ್ತು ಡಾಕ್ಟ್ರೇ. ನಾನು ನಕಲನ್ನ ಹೇಗೆ ಹಿಡೀತೀನಿ ಅಂತ ಆಗಲೇ ಗೊತ್ತಾಗ್ತಿತ್ತು."

ಅವನು ಜೇಬಿಗೆ ಕೈ ಹಾಕಿದ. ಪಿಸ್ತೂಲು ಹೊರಬಂದು ಕೌಂಟರಿನ ಮೇಲೆ ಏರಿತು...

ಢಮ್!

ಗುಂಡಲ್ಲ ಸಾರ್. ಸೀಲು! ಕೌಂಟರಿನ ಹೆಂಗಸು ಅವನ ಕೈ ಮೇಲೆ ಇವತ್ತಿನ ತಾರೀಖು ಒತ್ತಿಬಿಟ್ಟಿದ್ದಳು. ಪಿಸ್ತೂಲು ಪಾರ್ಸೆಲ್ ತೂಗುವ ತಕ್ಕಡಿಯಲ್ಲಿ ಬಿತ್ತು.

"ಮುಂದಿನವರು ಬನ್ನಿ," ಎಂದಳು.

ಚಿಕ್ಕಮ್ಮ ತಡಕಾಡಿ ಸ್ಟಾಂಪು ಎತ್ತಿಕೊಂಡಳು. ಬೆರಳಿಟ್ಟಳು. ಬೆಳಗಿನಿಂದ ಮುದುಡಿದ್ದ ಮುಖ ಅರಳಿತು.

"ಸಿಕ್ಕಿದ್ರು ಕಣೋ ಪುಟ್ಟಾ."

ನನ್ನ ಕಣ್ಣಲ್ಲಿ ನೀರು ಬಂತು. ಮರಗಟ್ಟಿದ್ದರಿಂದ ಇರಬೇಕು.

ಇಷ್ಟೇ ಸಾರ್ ನಡೆದದ್ದು. ನಿಮ್ಮ ಕಾನ್‌ಸ್ಟೇಬಲ್ ಹೇಳಿದ್ದಕ್ಕೂ ನಾನು ಹೇಳಿದ್ದಕ್ಕೂ ತಾಳೆಯಾಗುತ್ತದೆ ತಾನೇ? ಸಹಿ ಹಾಕುತ್ತೇನೆ, ಕೊಡಿ.

ಒಂದೇ ಒಂದು ರಿಕ್ವೆಸ್ಟು.

ಮರಗಟ್ಟಿದ್ದು ಈಗ ಇಳಿದಿದೆ. ಅವನು ಅರ್ಧ ಕೊರೆದು ಬಿಟ್ಟ ಹಲ್ಲು ತಲೆಯವರೆಗೂ ಸಿಡಿಯುತ್ತಿದೆ... ಅಯ್ಯಪ್ಪಾ! ಊರಲ್ಲಿರುವುದು ಒಬ್ಬನೇ ಡೆಂಟಿಸ್ಟು. ಅವನು ನಿಮ್ಮ ಲಾಕಪ್ಪಿನಲ್ಲಿ ಕೂತಿದ್ದಾನೆ. ಸ್ವಲ್ಪ ಹೊತ್ತು ಆ ಬಾಗಿಲು ತೆಗೆಸಿ ಸಾರ್, ನಿಮಗೆ ಪುಣ್ಯ ಬರುತ್ತೆ. ಕುರ್ಚಿ ನಿಮ್ಮದೇ ಸಾಕು. ಡ್ರಿಲ್ ನಾನೇ ತಂದಿದ್ದೇನೆ.

ಪಿಸ್ತೂಲು ಮಾತ್ರ ಈ ಸಲ ನನ್ನ ಕೈಯಲ್ಲಿರಲಿ!