ಇಪ್ಪತ್ತೈದನೇ ಸೋಲಿನ ಬ್ಯಾನರ್

"ಹೋಟೆಲಿನ ಬಿಳಿ ಟೇಬಲ್ ಕ್ಲಾತ್ ಒಂದು ಕಾಣ್ತಾ ಇಲ್ಲ. ನೀನೆಲ್ಲಾದ್ರೂ ನೋಡಿದ್ಯಾ ಮಾರಾಯ್ತಿ?" ಅಪ್ಪ ಕೆಳಗಿನಿಂದ ಕೂಗಿದರು.

"ಇಲ್ವಲ್ಲಾ ಅಪ್ಪಾ!" ಎಂದಳು ಶರ್ಮಿಳಾ. ಅವಳು ಮಂಡಿಯೂರಿ ಕೂತಿದ್ದೇ ಆ ಬಟ್ಟೆಯ ಮೇಲೆ. ಕೈಯಲ್ಲಿ ಕೆಂಪು ಬಣ್ಣದ ಬ್ರಷ್ಷು ಬೇರೆ!

ದಿಲ್ಲಿಯ ಆರ್.ಕೆ.ಪುರಂ ಮಾರ್ಕೆಟ್ಟಿನಲ್ಲಿ ಅವಳ ಅಪ್ಪ ಜಯಾನಂದರ ಇಡ್ಲಿ-ದೋಸೆ ಹೋಟೆಲು, ಅದರ ಮೇಲೆಯೇ ಮನೆ. ಏಳನೇ ಕ್ಲಾಸಿನ ಅಣ್ಣ ಸುಶಾಂತ್ ಕಾಲೊನಿಯ ಬೇಸ್‌ಬಾಲ್ ಟೀಮಿನ ಕ್ಯಾಪ್ಟನ್. ದೊಡ್ಡ ಹುಡುಗರು ಕ್ರಿಕೆಟ್ ಪಿಚ್ ಬಿಟ್ಟುಕೊಡಲಿಲ್ಲ ಅಂತ ಹುಟ್ಟಿದ ಟೀಮು ಅದು. ಪಾರ್ಕಿನಲ್ಲಿ ವಾಕಿಂಗ್ ಬರುವ ಅಂಕಲ್‌ಗಳು ಇವತ್ತಿಗೂ, "ಯೇ ಕೌನ್‌ಸಾ ಕ್ರಿಕೆಟ್ ಹೈ, ಬೇಟಾ?" ಅಂತ, ಇದ್ಯಾವ ಸೀಮೆ ಕ್ರಿಕೆಟ್ಟು ಅನ್ನುವ ಹಾಗೆ ಕೇಳುತ್ತಾರೆ.

ಆ ಟೀಮಿಗೆ ಇರುವುದು ಒಬ್ಬಳೇ ಫ್ಯಾನ್. ಐದನೇ ಕ್ಲಾಸಿನ ಶರ್ಮಿಳಾ.

ಅವಳ ಹತ್ತಿರ ಒಂದು ರೆಕಾರ್ಡ್ ಪುಸ್ತಕವಿತ್ತು. ಮೊದಲ ಸೋಲು, ಹತ್ತನೇ ಸೋಲು, ಟೀಮಿನ ಸಂದೀಪ್ ಒಡೆದ ಮೂರನೇ ಕಿಟಕಿ, ಚರಂಡಿ ಪಾಲಾದ ಐವತ್ತನೇ ಬಾಲ್, ಎಲ್ಲವೂ ಅದರಲ್ಲಿ ದಾಖಲು. ಒಂದೊಂದು ದಾಖಲೆಗೂ ಅಪ್ಪ ಡಬ್ಬ ತುಂಬ ಬಿಸಿ ಬಿಸಿ ಬಾಳೆಹಣ್ಣಿನ ಬನ್ಸ್ ಕಳಿಸುತ್ತಿದ್ದರು. ಹುಡುಗರು ಸೋತು ಸುಣ್ಣವಾಗಿದ್ದರೂ ಬನ್ಸ್ ಮಾತ್ರ ಒಂದೂ ಬಿಡುತ್ತಿರಲಿಲ್ಲ.

ಗೆಲುವು ಅನ್ನುವುದು ಆ ಪುಸ್ತಕಕ್ಕೆ ಗೊತ್ತೇ ಇರಲಿಲ್ಲ. ಸಮಯ ಯಾಕೆ ಹಾಳು ಅಂತ ಶರ್ಮಿಳಾ ಮುಂದಿನ ಹತ್ತು ಮ್ಯಾಚ್‌ಗಳ ಎದುರಿಗೂ ಪೆನ್ಸಿಲಿನಲ್ಲಿ 'ಸೋಲು' ಅಂತ ಬರೆದಿಟ್ಟಿದ್ದಳು. ಜಾಣೆ!

ಇವತ್ತು ಇಪ್ಪತ್ತೈದನೇ ಮ್ಯಾಚು, ವಸಂತ್ ಕುಂಜ್ ಟೀಮಿನ ಜೊತೆ. ಬ್ಯಾನರಿನ ಮೇಲೆ ದೊಡ್ಡದಾಗಿ '25' ಬರೆದು, ಕೆಳಗೆ ಹಿಂದಿಯಲ್ಲಿ 'ಇಪ್ಪತ್ತೈದನೇ ಸೋಲಿಗೆ ಅಭಿನಂದನೆಗಳು' ಎಂದು ಮುಗಿಸಿ, ಮಡಚಿ ಚೀಲಕ್ಕೆ ತುರುಕಿದಳು. ಚಳಿಗಾಲದ ದಿಲ್ಲಿ. ಬಣ್ಣ ಎಲ್ಲಿ ಒಣಗಬೇಕು!

ಕೆಳಗೆ ಬಂದರೆ ಸುಶಾಂತನ ತಟ್ಟೆಯಲ್ಲಿ ದೋಸೆ ಹಾಗೇ ಇತ್ತು. ಮೂರು ದೋಸೆ ತಿಂದು ನಾಲ್ಕನೆಯದಕ್ಕೆ ಕೈ ಚಾಚುವವನು!

"ಯಾಕಣ್ಣಾ, ತಿನ್ನಲ್ವಾ?"

"ಇವತ್ತು ಬೇಡ." ಅವನು ಬ್ಯಾಟನ್ನು ಉಜ್ಜುತ್ತಾ ಮೆಲ್ಲಗೆ ಹೇಳಿದ, "ಒಂದೇ ಒಂದ್ಸಲ ಸೋಲದೇ ಮನೆಗೆ ಬರ್ಬೇಕು, ಯಾರ್."

ಶರ್ಮಿಳಾಳಿಗೆ ಚೀಲ ಇದ್ದಕ್ಕಿದ್ದಂತೆ ಭಾರವಾಯಿತು. ಇವನಿಗೆ ಸೋತರೆ ಬೇಜಾರಾಗುತ್ತಾ? ಬನ್ಸ್ ತಿನ್ನುವಾಗ ನಗುತ್ತಿದ್ದನಲ್ಲ! ಅವಳಿಗೆ ನಾಚಿಕೆಯಾಯಿತು. ಈ ಬ್ಯಾನರು ಅವನ ಕಣ್ಣಿಗೆ ಬೀಳಲೇಬಾರದು.

ಆದರೆ ನೀರಿನ ಬಾಟಲಿಗೆ ಹುಡುಗರೆಲ್ಲ ಕೈ ಹಾಕುವುದು ಈ ಚೀಲಕ್ಕೇ! ಪಾರ್ಕಿಗೆ ಹೋದವಳೇ ಬ್ಯಾನರನ್ನು ಹೊರತೆಗೆದು ಬೆಂಚಿನ ಮೇಲೆ ಹಾಕಿ, ಅದರ ಮೇಲೆ ಗಟ್ಟಿಯಾಗಿ ಕೂತಳು.

"ಶರ್ಮಿಳಾ, ನೀರಿನ ಬಾಟಲ್ ಎಸಿ!" ಎಂದ ಸಂದೀಪ್.

"ನೀನೇ ಬಂದು ತಗೋ."

"ಕುಣೀತಾ ಇರೋಳು ಇವತ್ತು ಬೆಂಚಿಗೆ ಅಂಟ್ಕೊಂಡಿದ್ದೀಯಲ್ಲ, ತಬಿಯತ್ ಸರಿ ಇದೆ ತಾನೆ?"

"ಅಚ್ಛಾ ಅಚ್ಛಾ, ನೀನು ಆಟ ನೋಡ್ಕೋ!"

ಆಟ ಎಂದಿನಂತೆ ಇರಲಿಲ್ಲ. ಸಂದೀಪ್ ಕಿಟಕಿ ಒಡೆಯಲಿಲ್ಲ. ಯಾರ ಕೈಯಿಂದಲೂ ಕ್ಯಾಚು ಜಾರಲಿಲ್ಲ. ಕೊನೆಯ ಸರದಿಗೆ ಬಂದಾಗ ಅವರದು ಎಂಟು ರನ್, ಇವರದು ಏಳು. ಇನ್ನೊಂದು ಬಂದರೆ ಸಮ! ಸುಶಾಂತ್ ಆಟದ ಚೌಕದ ಮೂರನೇ ಮೂಲೆಯಲ್ಲಿ ನಿಂತಿದ್ದ. ಓಡಿ ನಾಲ್ಕನೇ ಮೂಲೆ ಮುಟ್ಟಿದರೆ ಸಾಕು. ಆದರೆ ಇನ್ನೊಬ್ಬ ಔಟಾದರೆ ಆಟವೇ ಮುಗಿಯಿತು.

ಟಕ್! ಸಂದೀಪ್ ಹೊಡೆದ. ಸುಶಾಂತ್ ಎದ್ದೆನೋ ಬಿದ್ದೆನೋ ಅಂತ ಓಡಿದ.

"ಓಡೋ ಅಣ್ಣಾ! ಭಾಗ್! ಭಾಗ್!" ಶರ್ಮಿಳಾ ಬೆಂಚಿನ ಮೇಲೆ ಎದ್ದು ನಿಂತು ಕುಣಿದಳು. ಸುಶಾಂತ್ ನೆಲದ ಮೇಲೆ ಜಾರಿದ. ಮೂಟೆಗಟ್ಟಲೆ ಧೂಳು ಎದ್ದಿತು. ಧೂಳು ಇಳಿದಾಗ ಅವನ ಕೈಗೂ ಮೂಲೆಯ ಚಾಪೆಗೂ ನಡುವೆ ನಾಲ್ಕೇ ಬೆರಳು ಜಾಗವಿತ್ತು, ಬಾಲು ಎದುರು ಟೀಮಿನವನ ಕೈಯಲ್ಲಿತ್ತು.

"ಔಟ್!" ಎಂದರು ಅಂಪೈರ್.

ಹುಡುಗರು ಒಬ್ಬೊಬ್ಬರಾಗಿ ಬೆಂಚಿನ ಕಡೆ ಬಂದರು. ಆಮೇಲೆ ಸಂದೀಪ್, "ಅರೇ, ನಿನ್ನ ಹಿಂದೆ ಏನದು?" ಎಂದ.

ಶರ್ಮಿಳಾಳ ಬಿಳಿ ಪ್ಯಾಂಟಿನ ಹಿಂಭಾಗದಲ್ಲಿ ಕೆಂಪು '25' ಉಲ್ಟಾ ಅಚ್ಚಾಗಿತ್ತು. ಸುಶಾಂತ್ ಕುಂಟುತ್ತಾ ಬಂದು ಬೆಂಚಿನ ಮೇಲಿದ್ದ ಬ್ಯಾನರ್ ಬಿಡಿಸಿ ಓದಿದ. ಅವಳಿಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು.

"ಮೊದಲೇ ಬರ್ದಿಟ್ಟಿದ್ಯಾ?"

"ಸಾರಿ ಅಣ್ಣಾ..." ಅಷ್ಟು ಹೇಳುವಷ್ಟರಲ್ಲಿ ಅವಳ ಕಣ್ಣಿಂದ ನೀರು ದಳದಳ ಇಳಿಯಿತು. "ನಾಲ್ಕೇ ಬೆರಳು ಅಣ್ಣಾ! ನಾಲ್ಕೇ!"

ಸುಶಾಂತ್ ಅವಳನ್ನೊಮ್ಮೆ, ಅವಳ ಪ್ಯಾಂಟನ್ನೊಮ್ಮೆ ನೋಡಿದ. ತುಟಿ ಬಿಗಿಹಿಡಿದರೂ ನಗು ತಡೆಯಲಾಗಲಿಲ್ಲ. ಅವಳ ಪುಸ್ತಕ ಎಳೆದುಕೊಂಡು ತಾನೇ ಬರೆದ: 'ಇಪ್ಪತ್ತೈದನೇ ಮ್ಯಾಚು. ಫ್ಯಾನ್ ಅತ್ತ ಮೊದಲನೇ ಸೋಲು.'

"ನಾನೆಲ್ಲಿ ಅತ್ತೆ! ನೀನು ಜಾರಿ ಎಬ್ಬಿಸಿದ ಧೂಳು ಕಣ್ಣಿಗೆ ಬಿತ್ತು."

"ಹಾಗೇ ಬರೀಲಾ?"

"ಬರಿ."

ಬನ್ಸ್ ಡಬ್ಬ ತೆರೆಯಿತು. ಎದುರು ಟೀಮಿನವರೂ ಕೈ ಹಾಕಿದರು. ಶರ್ಮಿಳಾ ಮಾತ್ರ ತಿನ್ನದೆ, ಪುಸ್ತಕದ ಮುಂದಿನ ಪುಟವನ್ನೇ ನೋಡುತ್ತಾ ಕೂತಿದ್ದಳು. ಒಂದರ ಕೆಳಗೊಂದು, ಹತ್ತು 'ಸೋಲು'ಗಳು.

"ಸಂದೀಪ್," ಎಂದಳು, "ನಿನ್ನ ಹತ್ರ ರಬ್ಬರ್ ಇದೆಯಾ?"