ದಾರಿಗೆಂದು ಕೂತವನು

"ಆ ಕುರ್ಚಿ ಮೇಲೆ ಕೂರಬೇಡಪ್ಪ. ಪಾಲಿಷ್ ಹಾಳಾಗುತ್ತೆ ಅಂತಲ್ಲ, ನೀನು ಹಾಳಾಗ್ತೀಯ."

ಕಪಿತೋಲಿನಾ ಸಾವಿಷ್ನಾ ಹೀಗೆಂದಾಗ ರೊದಿಯೋನ್ ಗಹಗಹಿಸಿ ನಕ್ಕ. ಪೀಟರ್ಸ್‌ಬರ್ಗಿನ ಆ ನೆಲಮಾಳಿಗೆಯ ಕಾರ್ಯಾಗಾರಕ್ಕೆ ಅವನು ಕೆಲಸಕ್ಕೆ ಸೇರಿದ್ದು ಮೊನ್ನೆ ಮೊನ್ನೆ. ಅರಮನೆಯ ಮೇಜು ಕುರ್ಚಿ ರಿಪೇರಿ ಮಾಡುತ್ತಲೇ ಮುದುಕಿಯಾದವಳಿಗೆ ಬುದ್ಧಿ ಹೇಳುವಷ್ಟು ಆಗಲೇ ಬೆಳೆದುಬಿಟ್ಟಿದ್ದ, ಪುಣ್ಯಾತ್ಮ.

ಕುರ್ಚಿ ಮಾತ್ರ ಕಣ್ಣು ಕೀಳಲಾಗದಂತಿತ್ತು. ಕರೇಲಿಯಾದ ಬರ್ಚ್ ಮರ, ಜೇನಿನ ಬಣ್ಣ, ಮೈತುಂಬ ಕಪ್ಪು ಸುಳಿ, ಕೈ ಇಡುವಲ್ಲಿ ಹಂಸದ ಕೊರಳು. ಹುಡುಕಿದರೂ ಒಂದು ಮೊಳೆಯಿಲ್ಲ. ಎಲ್ಲವನ್ನೂ ಹಿಡಿದಿದ್ದದ್ದು ಮೀನಿನ ಅಂಟು. ಇನ್ನೂರು ವರ್ಷವಾದರೂ ಅದರ ಕಮಟು ವಾಸನೆ ಹೋಗಿರಲಿಲ್ಲ.

"ಮಾಡಿದವನು ತಿಖೋನ್, ಜೀತದ ಬಡಗಿ," ಮುದುಕಿ ದನಿ ತಗ್ಗಿಸಿದಳು. "ಇದು ಮುಗಿದ್ರೆ ಊರಿಗೆ ಬಿಡ್ತೀನಿ ಅಂದಿದ್ದ ಧಣಿ. ಊರಲ್ಲಿ ಹೆಂಡ್ತಿ ಬಸುರಿ. ಹೊರಡೋ ಮುಂಚೆ ಒಂದು ಗಳಿಗೆ ಕೂರೋದು ಪದ್ಧತಿಯಲ್ವಾ, ಕೂತ್ಕೊಳ್ಳೋ ಅಂತ ಧಣೀನೇ ಇದರ ಮೇಲೆ ಕೂರಿಸ್ದ. ಆಮೇಲೆ, ಕೂತಿದೀಯಲ್ಲ, ಇನ್ನೂ ಹನ್ನೊಂದು ಕುರ್ಚಿ ಮಾಡಿ ಹೋಗು ಅಂತ ನಕ್ಕ. ತಿಖೋನ್ ಏಳಲೇ ಇಲ್ಲ. ದಾರಿಗೆ ಅಂತ ಇಲ್ಲಿ ಕೂತವನ ದಾರೀಲಿ ನಾನು ಹೋಗ್ತೀನಿ ಅಂತ ಶಾಪ ಹಾಕಿ ಅಲ್ಲೇ ಸತ್ತ."

"ಅಂಟು ಕುಡಿದು ಸತ್ತಿರ್ತಾನೆ ಬಿಡಿ ಅಜ್ಜಿ!"

ಕೆಡುಕು ತಾಕದಿರಲೆಂದು ಮುದುಕಿ ಎಡಭುಜದ ಹಿಂದಕ್ಕೆ ಥೂ ಥೂ ಎಂದು ಉಗುಳಿ ಬೆನ್ನು ತಿರುಗಿಸಿದಳು.

ಮಧ್ಯಾಹ್ನವೇ ಕತ್ತಲು ಕವಿಯುವ ಚಳಿಗಾಲ. ದೂರದ ತ್ವೇರ್ ಊರಿನ ಆಸ್ಪತ್ರೆಯಿಂದ ಅತ್ತೆಯ ಫೋನ್ ಬಂತು. "ಅಗ್ಲಾಯಾಗೆ ನೋವು ಶುರುವಾಗಿದೆ. ನಿಮ್ಮನ್ನೇ ಕೇಳ್ತಿದಾಳೆ. ಬೇಗ ಬನ್ನಿ!"

ಹೆಂಡತಿಗೆ ಚೊಚ್ಚಲ ಹೆರಿಗೆ. ರೊದಿಯೋನ್ ಕೋಟು ತೊಟ್ಟ, ಚೀಲ ಹಿಡಿದ, ಬಾಗಿಲವರೆಗೆ ಓಡಿದ. ಅಲ್ಲಿ ನಿಂತ. ಪ್ರಯಾಣ ಹೊರಟವರು ಒಂದು ಗಳಿಗೆ ಕೂತೇ ಏಳಬೇಕು. ತಾಯಿ ಕಲಿಸಿದ್ದು, ತಾಯಿಗೆ ಅವಳ ತಾಯಿ ಕಲಿಸಿದ್ದು. ಶಾಪ ಎಂದರೆ ನಗುವವನೂ ಇದನ್ನು ಮಾತ್ರ ಬಿಡುವುದಿಲ್ಲ. ಕಾಲು ತಾನಾಗಿ ಹಿಂದಕ್ಕೆ ಬಂತು. ಸಿಕ್ಕಿದ್ದರ ಮೇಲೆ ಕೂತ.

ಏಳಹೋದ. ಆಗಲಿಲ್ಲ.

ಮರ ಬೆಚ್ಚಗಿತ್ತು. ಮೈಯಂತೆ ಬೆಚ್ಚಗೆ. ಅಂಟಿನ ವಾಸನೆ ಮೂಗಿಗೆ ಅಡರಿತು. ತೊಡೆ ಮರಕ್ಕೆ ಅಂಟಿಕೊಂಡಿತು. ಬೆನ್ನು ಅಂಟಿಕೊಂಡಿತು. ಎಡಗೈ ಹಂಸದ ಕೊರಳಿಂದ ಬಿಡಲಿಲ್ಲ. ಚೀಲಕ್ಕಾಗಿ ನೋಡಿದ. ಇಲ್ಲ. ಬಾಗಿಲು ತೆರೆದುಕೊಂಡಿತು. ಯಾರೋ ಮೆಟ್ಟಿಲು ಹತ್ತಿ ಓಡಿದರು.

"ಎಳೀರಿ ಅಜ್ಜಿ! ಕೈ ಕೊಡಿ!"

"ನಾನು ಮುಟ್ಟಲ್ಲ," ಎಂದಳು ಮುದುಕಿ, ಗೋಡೆಗೆ ಒತ್ತಿಕೊಂಡು.

ರಾತ್ರಿಯಿಡೀ ಒದ್ದಾಡಿ, ಬೆಳಗಿನ ಜಾವ ಬಲಗೈಯಿಂದ ಹೇಗೋ ಫೋನ್ ತೆಗೆದು ಅತ್ತೆಗೆ ಮಾಡಿದ. "ಅತ್ತೆ, ನಾನು..." ಗಂಟಲಿಂದ ಬಂದದ್ದು ಯಾರದೋ ಒರಟು ದನಿ.

"ಯಾರ್ರೀ ನೀವು? ನಮ್ಮ ಅಳಿಯಂದ್ರ ಫೋನ್ ನಿಮ್ಮ ಕೈಗೆ ಹೇಗೆ ಬಂತು? ಅವರು ಆಗಲೇ ಬಂದು ಮಗೂನ ಎತ್ಕೊಂಡಿದಾರೆ."

ಅವರ ಹಿಂದೆ ಅಗ್ಲಾಯಾ ಸಂತೋಷಕ್ಕೆ ಅಳುತ್ತಿದ್ದಳು. ಅವಳನ್ನು ಸಮಾಧಾನಪಡಿಸುತ್ತಿದ್ದದ್ದು ರೊದಿಯೋನನದೇ ದನಿ. "ಬಂದ್ನಲ್ಲ ಚಿನ್ನ. ಇನ್ನು ನಿಮ್ಮಿಬ್ಬರನ್ನ ಬಿಟ್ಟು ಎಲ್ಲೂ ಹೋಗಲ್ಲ."

ರೊದಿಯೋನ್ ಕಿರುಚಿದ. ಅತ್ತೆ ಫೋನ್ ಇಟ್ಟರು.